ಸೋರಿಯಾಸಿಸ್ ರೋಗಿಗಳಲ್ಲಿ ಸಂಧಿವಾತ: ಎಷ್ಟು ಮಂದಿಗೆ, ಏಕೆ?

ಚರ್ಮದ ರೋಗವು ಚರ್ಮದಲ್ಲಿಯೇ ಮುಗಿಯುತ್ತದೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಕೀಲುಗಳಲ್ಲಿ ನೋವು ಕಾಣಿಸಿಕೊಂಡರೆ ಅದನ್ನು ವಯಸ್ಸಿನ, ದುಡಿಮೆಯ ಅಥವಾ ವಾಯುವಿನ ತೊಂದರೆಯೆಂದು ಬೇರೆಯಾಗಿಯೇ ಎಣಿಸುತ್ತಾರೆ. ಆದರೆ ಚರ್ಮದ ಮೇಲೆ ಹೊಟ್ಟು ಏಳಿಸುವ ರೋಗವೇ ಕೆಲವರಲ್ಲಿ ಕೀಲುಗಳನ್ನೂ ಸವೆಸಬಲ್ಲುದು. ಸೋರಿಯಾಸಿಸ್ ಅಂತಹ ರೋಗಗಳಲ್ಲಿ ಒಂದು. ಇದರ ಜೊತೆಯಲ್ಲಿ ಬರುವ ಕೀಲುಗಳ ಉರಿಯೂತವನ್ನು ಸೋರಿಯಾಸಿಸ್ ಸಂಧಿವಾತ ಎಂದು ಕರೆಯುತ್ತಾರೆ. ಇದನ್ನು ಬೇಗನೆ ಗುರುತಿಸಿದರೆ ಕೀಲುಗಳನ್ನು ಉಳಿಸಿಕೊಳ್ಳಬಹುದು. ತಡಮಾಡಿದರೆ ಒಮ್ಮೆ ಕೆಟ್ಟ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಆದುದರಿಂದ ಸೋರಿಯಾಸಿಸ್ ಇರುವ ಪ್ರತಿಯೊಬ್ಬರೂ ಅವರ ಮನೆಯವರೂ ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಸೋರಿಯಾಸಿಸ್ ಎಂದರೇನು?

ನಮ್ಮ ಚರ್ಮವು ಸದಾ ಹೊಸದಾಗುತ್ತಿರುತ್ತದೆ. ಒಳಪದರದಲ್ಲಿ ಹುಟ್ಟಿದ ಜೀವಕೋಶವು ಮೇಲ್ಪದರಕ್ಕೆ ಬಂದು ಉದುರಿಹೋಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಸ್ಥಳದಲ್ಲಿ ಇದೇ ಕೆಲಸವು ಕೆಲವೇ ದಿನಗಳಲ್ಲಿ ನಡೆದುಬಿಡುತ್ತದೆ. ಪಕ್ವವಾಗದ ಜೀವಕೋಶಗಳು ಒಂದರ ಮೇಲೊಂದು ಕೂಡಿಕೊಂಡು ಬೆಳ್ಳಿಯ ಬಣ್ಣದ ಹೊಟ್ಟಿನ ಪದರಗಳಾಗುತ್ತವೆ. ಅವುಗಳ ಕೆಳಗೆ ಚರ್ಮವು ಕೆಂಪಾಗಿ ದಪ್ಪವಾಗಿರುತ್ತದೆ. ಮೊಣಕೈ, ಮೊಣಕಾಲು, ತಲೆ ಮತ್ತು ಬೆನ್ನಿನ ಕೆಳಭಾಗಗಳಲ್ಲಿ ಇದು ಹೆಚ್ಚು.

ಇದು ಅಂಟುರೋಗವಲ್ಲ. ಮುಟ್ಟುವುದರಿಂದಾಗಲಿ, ಒಟ್ಟಿಗೆ ಊಟ ಮಾಡುವುದರಿಂದಾಗಲಿ, ಒಂದೇ ಹಾಸಿಗೆಯನ್ನು ಬಳಸುವುದರಿಂದಾಗಲಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದನ್ನು ಕುಷ್ಠರೋಗವೆಂದು ತಪ್ಪಾಗಿ ತಿಳಿದು ರೋಗಿಯನ್ನು ದೂರವಿಡುವವರು ಇಂದಿಗೂ ಇದ್ದಾರೆ. ಕುಷ್ಠರೋಗದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಸೋರಿಯಾಸಿಸ್‌ನಲ್ಲಿ ಅದು ಕುಂದುವುದಿಲ್ಲ. ಸಂದೇಹವಿದ್ದಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಕೀಲುಗಳಲ್ಲಿ ಆಗುವುದೇನು?

ಸೋರಿಯಾಸಿಸ್ ಸಂಧಿವಾತವು ಸಾಮಾನ್ಯವಾಗಿ ಮೂವತ್ತರಿಂದ ಐವತ್ತು ವರ್ಷ ವಯಸ್ಸಿನವರಲ್ಲಿ, ಎಂದರೆ ಸಂಸಾರದ ಭಾರವನ್ನು ಹೊತ್ತು ದುಡಿಯುವ ವಯಸ್ಸಿನಲ್ಲಿ, ಪ್ರಾರಂಭವಾಗುತ್ತದೆ. ಸ್ತ್ರೀಯರಿಗೂ ಪುರುಷರಿಗೂ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಹೆಚ್ಚಿನವರಲ್ಲಿ ಚರ್ಮದ ರೋಗ ಮೊದಲು ಕಾಣಿಸಿಕೊಂಡು, ಹಲವು ವರ್ಷಗಳ ನಂತರ, ಅನೇಕ ವೇಳೆ ಹತ್ತು ವರ್ಷಗಳ ಅನಂತರ, ಕೀಲುಗಳ ತೊಂದರೆ ತಲೆದೋರುತ್ತದೆ. ಕೆಲವರಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಇನ್ನು ಕೆಲವರಲ್ಲಿ ಕೀಲುಗಳ ಬೇನೆಯೇ ಮೊದಲಾಗಿ, ಚರ್ಮದ ಗುರುತು ಆಮೇಲೆ ಕಾಣುತ್ತದೆ.

ಈ ಎರಡಕ್ಕೂ ಸಂಬಂಧವಿದೆಯೆಂಬುದನ್ನು ಫ್ರಾನ್ಸಿನ ವೈದ್ಯ ಆಲಿಬರ್ 1818 ರಲ್ಲಿಯೇ ಬರೆದಿದ್ದರು. ಆದರೂ ಬಹುಕಾಲ ಇದನ್ನು ಸಾಮಾನ್ಯ ಸಂಧಿವಾತದ ಒಂದು ಬಗೆಯೆಂದೇ ಎಣಿಸಲಾಗುತ್ತಿತ್ತು. 1964 ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವು ಇದನ್ನು ಪ್ರತ್ಯೇಕ ರೋಗವೆಂದು ಅಂಗೀಕರಿಸಿತು. 1973 ರಲ್ಲಿ ಇಂಗ್ಲೆಂಡಿನ ಮೋಲ್ ಮತ್ತು ರೈಟ್ ಎಂಬ ವೈದ್ಯರು ಇದರ ಐದು ಬಗೆಗಳನ್ನು ವಿವರಿಸಿದರು: ಕೆಲವೇ ಕೀಲುಗಳು ಒಂದು ಪಕ್ಕದಲ್ಲಿ ಊದಿಕೊಳ್ಳುವುದು, ಎರಡೂ ಪಕ್ಕದ ಅನೇಕ ಕೀಲುಗಳು ಊದಿಕೊಳ್ಳುವುದು, ಬೆರಳ ತುದಿಯ ಕೀಲುಗಳಿಗೆ ಮಾತ್ರ ತಗಲುವುದು, ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳು ಬಿಗಿಯುವುದು, ಅಪರೂಪವಾಗಿ, ಬೆರಳುಗಳ ಮೂಳೆಗಳೇ ಕರಗಿ ಕೈ ವಿಕಾರವಾಗುವುದು.

ಎಷ್ಟು ಮಂದಿಗೆ ಬರುತ್ತದೆ?

ಭಾರತದಲ್ಲಿ ನಡೆದ ವಿವಿಧ ಅಧ್ಯಯನಗಳ ಪ್ರಕಾರ ಸೋರಿಯಾಸಿಸ್ ನೂರಕ್ಕೆ 0.44 ರಿಂದ 2.8 ಜನರಲ್ಲಿ ಕಂಡುಬರುತ್ತದೆ. ಹೀಗೆ ಸೋರಿಯಾಸಿಸ್ ಇರುವವರಲ್ಲಿ ಎಷ್ಟು ಮಂದಿಗೆ ಸಂಧಿವಾತ ಬರುತ್ತದೆ ಎಂಬುದು ನಮ್ಮ ಪ್ರಶ್ನೆ. ಪ್ರಪಂಚದ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019 ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಇದು ನೂರಕ್ಕೆ ಸುಮಾರು 20. ಯೂರೋಪಿನಲ್ಲಿ ನೂರಕ್ಕೆ ಸುಮಾರು 23, ಏಷ್ಯಾದಲ್ಲಿ ಸುಮಾರು 14. ನಮ್ಮ ದೇಶದ ಕೆಲವು ಆಸ್ಪತ್ರೆಗಳ ಅಧ್ಯಯನಗಳಲ್ಲಿ ನೂರಕ್ಕೆ ಎಂಟೊಂಬತ್ತು ಮಂದಿ ಮಾತ್ರ ಕಂಡುಬಂದಿದ್ದಾರೆ.

ಈ ಅಂಕಿಗಳ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಲಕ್ಷ ಜನಸಂಖ್ಯೆಯಿರುವ ಪ್ರದೇಶದಲ್ಲಿ ನೂರಕ್ಕೆ ಒಬ್ಬರಿಗೆ ಸೋರಿಯಾಸಿಸ್ ಇದೆಯೆಂದು ಇಟ್ಟುಕೊಳ್ಳಿರಿ. ಆಗ ಅಲ್ಲಿ ಸಾವಿರ ಮಂದಿ ರೋಗಿಗಳಿರುತ್ತಾರೆ. ಅವರಲ್ಲಿ ಕಡಿಮೆಯೆಂದರೆ ಎಂಬತ್ತು, ಹೆಚ್ಚೆಂದರೆ ಇನ್ನೂರು ಮಂದಿಗೆ ಸಂಧಿವಾತವಿರಬಹುದು. ಊರಿನ ಒಟ್ಟು ಜನಸಂಖ್ಯೆಯ ಮುಂದೆ ಇದು ಸಣ್ಣ ಸಂಖ್ಯೆ. ಆದರೆ ಸೋರಿಯಾಸಿಸ್ ಇರುವ ವ್ಯಕ್ತಿಗೆ ಇದು ಅಲಕ್ಷಿಸತಕ್ಕ ಸಂಭವವಲ್ಲ.

ಲೆಕ್ಕಗಳಲ್ಲಿ ವ್ಯತ್ಯಾಸವೇಕೆ?

ಒಂದು ಕಡೆ ಎಂಟು, ಇನ್ನೊಂದು ಕಡೆ ಇಪ್ಪತ್ತು ಎಂದರೆ ಯಾವುದನ್ನು ನಂಬಬೇಕೆಂದು ನೀವು ಕೇಳಬಹುದು. ವ್ಯತ್ಯಾಸಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು, ಎಣಿಕೆ ಮಾಡಿದ ಸ್ಥಳ. ದೊಡ್ಡ ಆಸ್ಪತ್ರೆಗೆ ಬರುವವರು ಸಾಮಾನ್ಯವಾಗಿ ರೋಗ ಉಲ್ಬಣಿಸಿದವರು. ಮೊಣಕೈಯ ಮೇಲೆ ಒಂದು ಸಣ್ಣ ಮಚ್ಚೆ ಇರುವವನು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಆದುದರಿಂದ ಆಸ್ಪತ್ರೆಯ ಲೆಕ್ಕವು ಹೆಚ್ಚಾಗಿಯೂ, ಮನೆಮನೆಯ ಲೆಕ್ಕವು ಕಡಿಮೆಯಾಗಿಯೂ ಬರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಜನರನ್ನು ವಿಚಾರಿಸಿ 2005 ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸೋರಿಯಾಸಿಸ್ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಸಂಧಿವಾತವಿತ್ತು. ಅದೇ ಲೆಕ್ಕವನ್ನು ಚರ್ಮದ ರೋಗದ ವ್ಯಾಪ್ತಿಗೆ ತಕ್ಕಂತೆ ವಿಂಗಡಿಸಿದಾಗ, ಮಚ್ಚೆಗಳು ಬಹಳ ಕಡಿಮೆಯಿದ್ದವರಲ್ಲಿ ನೂರಕ್ಕೆ 6 ಮಂದಿಗೂ, ಹತ್ತು ಅಂಗೈಗಳಿಗಿಂತ ಹೆಚ್ಚು ಜಾಗವನ್ನು ರೋಗ ಆವರಿಸಿದ್ದವರಲ್ಲಿ ನೂರಕ್ಕೆ 56 ಮಂದಿಗೂ ಸಂಧಿವಾತ ಕಂಡುಬಂದಿತು. ರೋಗಿಯ ಸ್ವಂತ ಅಂಗೈಯು ಅವನ ಮೈಯ ನೂರನೆಯ ಒಂದು ಭಾಗಕ್ಕೆ ಸಮವೆಂಬುದು ವೈದ್ಯರ ಅಳತೆ.

ಎರಡನೆಯದು, ಕಾಲ. ಚರ್ಮದ ರೋಗ ಶುರುವಾದ ವರ್ಷವೇ ಎಣಿಸಿದರೆ ಸಂಧಿವಾತ ಇರುವವರು ಕಡಿಮೆ. ವರ್ಷಗಳು ಕಳೆದಂತೆ ಸಂಖ್ಯೆ ಏರುತ್ತದೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಒಂದು ಜಿಲ್ಲೆಯಲ್ಲಿ ಸೋರಿಯಾಸಿಸ್ ರೋಗಿಗಳ ದಾಖಲೆಗಳನ್ನು ಅನೇಕ ವರ್ಷಗಳವರೆಗೆ ಅನುಸರಿಸಿ ನೋಡಿದ ಅಧ್ಯಯನವೊಂದು 2009 ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಐದು ವರ್ಷಗಳಲ್ಲಿ ನೂರಕ್ಕೆ 1.7, ಹತ್ತು ವರ್ಷಗಳಲ್ಲಿ 3.1, ಇಪ್ಪತ್ತು ವರ್ಷಗಳಲ್ಲಿ 5.1 ಮಂದಿಗೆ ಹೊಸದಾಗಿ ಸಂಧಿವಾತ ಬಂದಿತ್ತು.

ಮೂರನೆಯದು, ಹುಡುಕುವ ಕಣ್ಣು. ಕೀಲುಗಳನ್ನು ಮುಟ್ಟಿ ನೋಡದಿದ್ದರೆ ರೋಗ ಸಿಕ್ಕುವುದಿಲ್ಲ. ಚರ್ಮರೋಗ ವಿಭಾಗಗಳಿಗೆ ಬಂದ ರೋಗಿಗಳನ್ನು ಸಂಧಿವಾತ ತಜ್ಞರಿಂದ ಪುನಃ ಪರೀಕ್ಷೆ ಮಾಡಿಸಿದಾಗ, ಅದುವರೆಗೆ ಯಾರೂ ಗುರುತಿಸದಿದ್ದ ಸಂಧಿವಾತವು ನೂರಕ್ಕೆ ಸುಮಾರು 15 ಮಂದಿಯಲ್ಲಿ ಇತ್ತೆಂದು ವಿದೇಶಗಳ ಅಧ್ಯಯನಗಳು ತೋರಿಸಿವೆ. ಆದುದರಿಂದ ಕಡಿಮೆ ಸಂಖ್ಯೆಯನ್ನು ಕಂಡು ರೋಗವೇ ಕಡಿಮೆಯೆಂದು ನಿಶ್ಚಿಂತರಾಗುವಂತಿಲ್ಲ.

ಚರ್ಮದಿಂದ ಕೀಲಿಗೆ ಹೇಗೆ?

ಚರ್ಮದ ಮೇಲಿನ ಹೊಟ್ಟು ಒಳಗಿಳಿದು ಕೀಲನ್ನು ಸೇರುವುದಿಲ್ಲ. ಎರಡಕ್ಕೂ ಮೂಲ ಒಂದೇ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ರಕ್ಷಣಾ ವ್ಯವಸ್ಥೆಯೊಂದಿದೆ. ಊರಿನ ಕಾವಲುಗಾರನು ಕಳ್ಳನನ್ನು ಬಿಟ್ಟು ಮನೆಯವರ ಮೇಲೆಯೇ ಕೋಲೆತ್ತಿದಂತೆ, ಈ ವ್ಯವಸ್ಥೆಯು ದಾರಿ ತಪ್ಪಿ ದೇಹದ ಸ್ವಂತ ಅಂಗಗಳಲ್ಲಿ ಉರಿಯೂತವನ್ನು ಉಂಟುಮಾಡುತ್ತದೆ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-17 ಮತ್ತು ಇಂಟರ್‌ಲ್ಯೂಕಿನ್-23 ಎಂಬ ರಾಸಾಯನಿಕ ದೂತರು ಈ ಉರಿಯೂತವನ್ನು ಹೆಚ್ಚಿಸುತ್ತವೆ. ಇವು ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಕಂಡುಬಂದಿವೆ.

ಹಾಗಾದರೆ ಎಲ್ಲ ಸೋರಿಯಾಸಿಸ್ ರೋಗಿಗಳಿಗೂ ಸಂಧಿವಾತ ಏಕೆ ಬರುವುದಿಲ್ಲ? ಇದಕ್ಕೆ ಉತ್ತರವು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ. ಬಿಳಿ ರಕ್ತಕಣಗಳ ಮೇಲಿರುವ ಎಚ್.ಎಲ್.ಎ. ಎಂಬ ಗುರುತುಗಳು ಒಬ್ಬೊಬ್ಬರಲ್ಲಿ ಒಂದೊಂದು ತರಹ. ಸಿ-6 ಎಂಬ ಗುರುತು ಇರುವವರಿಗೆ ಚರ್ಮದ ರೋಗವು ಚಿಕ್ಕ ವಯಸ್ಸಿನಲ್ಲಿಯೇ ಬರುವ ಸಂಭವ ಹೆಚ್ಚು. ಬಿ-27, ಬಿ-38, ಬಿ-39 ಮುಂತಾದವು ಇರುವವರಲ್ಲಿ ಕೀಲುಗಳ ರೋಗದ ಸಂಭವ ಹೆಚ್ಚು. ಈ ಗುರುತುಗಳ ಹಂಚಿಕೆ ಜನಾಂಗದಿಂದ ಜನಾಂಗಕ್ಕೆ ಬೇರೆಯಾಗಿರುವುದೂ ದೇಶದೇಶಗಳ ಲೆಕ್ಕದ ವ್ಯತ್ಯಾಸಕ್ಕೆ ಒಂದು ಕಾರಣವಿರಬಹುದು.

ವಂಶವಾಹಿಯ ಜೊತೆಗೆ ಯಾಂತ್ರಿಕ ಕಾರಣವೂ ಸೇರುತ್ತದೆ. ಸ್ನಾಯುವನ್ನು ಮೂಳೆಗೆ ಬಂಧಿಸುವ ಗಟ್ಟಿಯಾದ ಹುರಿಯನ್ನು ಸ್ನಾಯುರಜ್ಜು ಎನ್ನುತ್ತಾರೆ. ಹಗ್ಗವು ಗೂಟಕ್ಕೆ ಕಟ್ಟಿದ ಕಡೆಯೇ ಹೆಚ್ಚು ಸವೆಯುವಂತೆ, ರಜ್ಜು ಮೂಳೆಯನ್ನು ಸೇರುವ ಸ್ಥಳದ ಮೇಲೆ ಸದಾ ಎಳೆತವಿರುತ್ತದೆ. ಸೋರಿಯಾಸಿಸ್ ಸಂಧಿವಾತವು ಅನೇಕರಲ್ಲಿ ಇಲ್ಲಿಂದಲೇ ಮೊದಲಾಗುತ್ತದೆ. ಹಿಮ್ಮಡಿಯ ನೋವು ಈ ರೋಗದ ಆರಂಭದ ಲಕ್ಷಣವಾಗಿರುವುದು ಇದೇ ಕಾರಣದಿಂದ. ಸೋರಿಯಾಸಿಸ್ ಇರುವವರ ಚರ್ಮ ತರಚಿದರೆ ತರಚಿದ ಗೆರೆಯಲ್ಲಿಯೇ ಹೊಸ ಮಚ್ಚೆ ಏಳುವುದನ್ನು ಜರ್ಮನಿಯ ವೈದ್ಯ ಕೋಬ್ನರ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ್ದರು. ಪೆಟ್ಟು ಮತ್ತು ಎಳೆತಗಳಿಂದ ಕೀಲಿನ ಒಳಗೂ ಅಂತಹುದೇ ಕ್ರಿಯೆ ನಡೆಯುತ್ತದೆಂಬುದು ಅನೇಕ ತಜ್ಞರ ಅಭಿಪ್ರಾಯ.

ಉಗುರಿಗೂ ಕೀಲಿಗೂ ಇರುವ ನಂಟು ವಿಶೇಷವಾದುದು. ಬೆರಳನ್ನು ನೆಟ್ಟಗೆ ಮಾಡುವ ರಜ್ಜುವಿನ ಎಳೆಗಳು ತುದಿಯ ಕೀಲನ್ನು ದಾಟಿ ಉಗುರಿನ ಬುಡದವರೆಗೆ ಹಬ್ಬಿವೆ. ಆದುದರಿಂದ ತುದಿಯ ಕೀಲಿನಲ್ಲಿ ಉರಿಯೂತವಾದರೆ ಉಗುರೂ ಕೆಡುತ್ತದೆ. ಚರ್ಮದ ರೋಗ ಮಾತ್ರ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಉಗುರಿನ ದೋಷವಿದ್ದರೆ, ಸಂಧಿವಾತವೂ ಇರುವವರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಅದು ಕಂಡುಬರುತ್ತದೆ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಮೇಲೆ ಹೇಳಿದ 2009 ರ ಅಧ್ಯಯನದಲ್ಲಿ ತಲೆಯ ಚರ್ಮದಲ್ಲಿ ರೋಗವಿದ್ದವರಿಗೆ ಸಂಧಿವಾತದ ಸಂಭವವು ಸುಮಾರು ನಾಲ್ಕು ಪಟ್ಟು, ಉಗುರುಗಳು ಕೆಟ್ಟಿದ್ದವರಿಗೆ ಸುಮಾರು ಮೂರು ಪಟ್ಟು, ಪೃಷ್ಠದ ಸಂದಿನಲ್ಲಿ ರೋಗವಿದ್ದವರಿಗೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಇವರಲ್ಲದೆ ಮೈಯ ಹೆಚ್ಚು ಭಾಗವನ್ನು ರೋಗ ಆವರಿಸಿರುವವರು, ಸ್ಥೂಲಕಾಯರು, ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಇದೇ ಸಂಧಿವಾತ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ತಲೆಯ ಹೊಟ್ಟನ್ನು ಬರಿಯ ಹೊಟ್ಟೆಂದೂ, ಸಂದಿನ ಮಚ್ಚೆಯನ್ನು ನಾಚಿಕೆಯಿಂದಲೂ ವೈದ್ಯರಿಗೆ ತೋರಿಸದೆ ಬಿಡುವವರು ಅನೇಕರು. ದಯವಿಟ್ಟು ಹಾಗೆ ಮಾಡಬೇಡಿರಿ.

ನಮ್ಮ ಭಾಗದಲ್ಲಿ ಇದು ಮರೆಯಾಗುವ ಬಗೆ

ತೇರದಾಳ, ರಬಕವಿ, ಬನಹಟ್ಟಿಗಳಲ್ಲಿ ಮಗ್ಗವೇ ಅನೇಕ ಮನೆಗಳ ಜೀವನಾಧಾರ. ಕೃಷ್ಣೆಯ ದಡದ ಹಳ್ಳಿಗಳಲ್ಲಿ ಕಬ್ಬಿನ ಕೆಲಸ. ಕೈಮಗ್ಗದಲ್ಲಿ ಕುಳಿತವರಿಗೆ ಕಾಲು, ಭುಜ, ಮಣಿಕಟ್ಟುಗಳಿಗೆ ಬಿಡುವಿಲ್ಲ. ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಲ್ಲಬೇಕು. ಹರಿದ ಎಳೆಯನ್ನು ಬೆರಳ ತುದಿಯಿಂದಲೇ ಗಂಟು ಹಾಕಬೇಕು. ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಹೀಗಿರುವಾಗ ಬೆರಳು ಬಿಗಿದರೆ, ಹಿಮ್ಮಡಿ ನೊಂದರೆ, "ದುಡಿಯುವ ಮೈಗೆ ಇದು ಇದ್ದದ್ದೇ" ಎಂದು ಸುಮ್ಮನಾಗುವುದು ಸಹಜ. ಇದಲ್ಲದೆ 2006 ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹಬ್ಬಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದ ನಂತರ, ಬಿಡದ ಕೀಲುನೋವನ್ನೆಲ್ಲ ಆ ಜ್ವರದ ಲೆಕ್ಕಕ್ಕೇ ಸೇರಿಸುವ ರೂಢಿಯೂ ಬೆಳೆದಿದೆ.

ದುಡಿಮೆಯ ನೋವಿಗೂ ಉರಿಯೂತದ ನೋವಿಗೂ ಸ್ಪಷ್ಟವಾದ ವ್ಯತ್ಯಾಸವಿದೆ. ದುಡಿಮೆಯ ನೋವು ಸಂಜೆಯ ಹೊತ್ತಿಗೆ ಹೆಚ್ಚಾಗಿ, ವಿಶ್ರಾಂತಿಯಿಂದ ಇಳಿಯುತ್ತದೆ. ಉರಿಯೂತದ ನೋವು ಬೆಳಗಿನ ಜಾವ ಹೆಚ್ಚು. ಏಳುವಾಗ ಕೀಲುಗಳು ಬಿಗಿದಿದ್ದು, ಸಡಿಲಾಗಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಕೆಲಸ ಮಾಡುತ್ತ ಹೋದಂತೆ ಹಗುರವಾಗುತ್ತದೆ. ಈ ಹಗುರವಾಗುವ ಗುಣವೇ ರೋಗಿಯನ್ನು ಮೋಸಗೊಳಿಸುತ್ತದೆ. ಮಗ್ಗಕ್ಕೆ ಕುಳಿತ ಮೇಲೆ ನೋವು ಇಳಿಯಿತೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾನೆ. ಇತ್ತ ಬೆರಳ ತುದಿಯ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ. ಎಳೆಯನ್ನು ಗಂಟು ಹಾಕಲಾರದ ಬೆರಳು ನೇಕಾರನಿಗೆ ಕೂಲಿಯನ್ನು ತಂದುಕೊಡಲಾರದು.

ನೀವೇ ಕೇಳಿಕೊಳ್ಳಬಹುದಾದ ಐದು ಪ್ರಶ್ನೆಗಳು

ಸೋರಿಯಾಸಿಸ್ ಇರುವವರು ವರ್ಷಕ್ಕೊಮ್ಮೆಯಾದರೂ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

1. ಯಾವುದಾದರೂ ಕೀಲು ಎಂದಾದರೂ ಊದಿಕೊಂಡಿತ್ತೆ?
2. ನಿಮಗೆ ಸಂಧಿವಾತವಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದರೆ?
3. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತಹ ಸಣ್ಣ ಕುಳಿಗಳಿವೆಯೆ?
4. ಹಿಮ್ಮಡಿಯಲ್ಲಿ ನೋವು ಬಂದಿತ್ತೆ?
5. ಕೈ ಅಥವಾ ಕಾಲಿನ ಒಂದು ಬೆರಳು, ಪೆಟ್ಟು ಬೀಳದೆ, ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಊದಿಕೊಂಡು ನೋಯುತ್ತಿತ್ತೆ?

ಇವುಗಳಲ್ಲಿ ಮೂರಕ್ಕೆ "ಹೌದು" ಎಂಬ ಉತ್ತರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಕಣ್ಣು ಕೆಂಪಾಗಿ ನೋಯುತ್ತಿದ್ದು ಬೆಳಕನ್ನು ನೋಡಲಾಗದಿದ್ದರೆ ಅದೇ ದಿನ ಹೋಗಬೇಕು. ಈ ರೋಗವು ಕಣ್ಣಿಗೂ ತಗಲಬಹುದು.

ಪರೀಕ್ಷೆ ಮತ್ತು ಚಿಕಿತ್ಸೆ

ಈ ರೋಗವನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆಯೆಂಬುದಿಲ್ಲ. ಸಾಮಾನ್ಯ ಸಂಧಿವಾತಕ್ಕೆ ಮಾಡುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆಯಲ್ಲಿ ಇವರಲ್ಲಿ ಹೆಚ್ಚಿನವರಿಗೆ ಏನೂ ಕಾಣುವುದಿಲ್ಲ. ಆದುದರಿಂದ "ರಕ್ತದಲ್ಲಿ ಏನೂ ಇಲ್ಲ" ಎಂಬ ವರದಿಯನ್ನು ರೋಗವಿಲ್ಲವೆಂಬ ಪ್ರಮಾಣಪತ್ರವೆಂದು ತಿಳಿಯಬಾರದು. ಕೀಲು, ಉಗುರು, ಚರ್ಮಗಳನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಕ್ಷ-ಕಿರಣ ಚಿತ್ರ ತೆಗೆಸಿ ವೈದ್ಯರು ನಿರ್ಧರಿಸುತ್ತಾರೆ. ಲಕ್ಷಣಗಳು ಪ್ರಾರಂಭವಾದ ಮೇಲೆ ಆರು ತಿಂಗಳು ತಡವಾದರೂ ಕೀಲುಗಳ ಹಾನಿ ಹೆಚ್ಚುತ್ತದೆಂದು ಐರ್ಲೆಂಡಿನಲ್ಲಿ ನಡೆದು 2015 ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ.

ಸೌಮ್ಯವಾದ ರೋಗಕ್ಕೆ ನೋವು ಮತ್ತು ಊತಗಳನ್ನು ಇಳಿಸುವ ಮಾತ್ರೆಗಳು ಸಾಕಾಗಬಹುದು. ರೋಗ ಮುಂದುವರಿಯುತ್ತಿದ್ದರೆ ಮೆಥೊಟ್ರೆಕ್ಸೇಟ್ ಮುಂತಾದ ಔಷಧಿಗಳು ಬೇಕಾಗುತ್ತವೆ. ಇದು ಅಗ್ಗವಾದ, ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿ. ಆದರೆ ಒಂದು ಎಚ್ಚರಿಕೆ ಅತಿ ಮುಖ್ಯ. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು, ಪ್ರತಿದಿನ ಸೇವಿಸಬಾರದು. ಪ್ರತಿದಿನ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಸೋಮವಾರವೋ ಗುರುವಾರವೋ, ನಿಗದಿಯಾದ ವಾರದ ಹೆಸರನ್ನು ಪೊಟ್ಟಣದ ಮೇಲೆ ಬರೆಯಿಸಿಕೊಳ್ಳಿರಿ. ವೈದ್ಯರು ಹೇಳಿದಂತೆ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳಿರಿ, ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಕಾಲಕಾಲಕ್ಕೆ ಮಾಡಿಸಿರಿ, ಮದ್ಯಪಾನವನ್ನು ಬಿಡಿರಿ.

ಇವುಗಳಿಗೂ ಬಗ್ಗದ ರೋಗಕ್ಕೆ, ಮೇಲೆ ಹೇಳಿದ ರಾಸಾಯನಿಕ ದೂತರನ್ನೇ ತಡೆಯುವ ಚುಚ್ಚುಮದ್ದುಗಳು ಈಗ ದೊರೆಯುತ್ತವೆ. ಇವು ದುಬಾರಿ, ತಜ್ಞರ ಮೇಲ್ವಿಚಾರಣೆಯಲ್ಲಿಯೇ ಪಡೆಯತಕ್ಕವು. ಅಡಗಿರುವ ಕ್ಷಯರೋಗವನ್ನು ಇವು ಕೆರಳಿಸಬಹುದಾದುದರಿಂದ ಮೊದಲು ಕ್ಷಯದ ಪರೀಕ್ಷೆ ಆಗಬೇಕು.

ಸಂತೆಯಲ್ಲಿ, ಊರೂರು ತಿರುಗುವವರಲ್ಲಿ ಸಿಕ್ಕುವ, ಒಂದೇ ದಿನದಲ್ಲಿ ನೋವನ್ನೂ ಮಚ್ಚೆಯನ್ನೂ ಮಾಯಮಾಡುವ ಹೆಸರಿಲ್ಲದ ಪುಡಿ ಮತ್ತು ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅವುಗಳನ್ನು ನಿಲ್ಲಿಸಿದ ಕೂಡಲೆ ಸೋರಿಯಾಸಿಸ್ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆಗಳೊಡನೆ ಉಲ್ಬಣಿಸಬಹುದು.

ಮದುವೆ, ಗರ್ಭಧಾರಣೆ ಮತ್ತು ಕುಟುಂಬ

ಸೋರಿಯಾಸಿಸ್ ಇರುವ ಹೆಣ್ಣುಮಕ್ಕಳ ಮದುವೆ ನಿಂತುಹೋಗುವುದನ್ನೂ, ಮದುವೆಯ ಹೊತ್ತಿಗೆ ರೋಗವನ್ನು ಮುಚ್ಚಿಟ್ಟು ಚಿಕಿತ್ಸೆಯನ್ನೇ ಬಿಡಿಸುವುದನ್ನೂ ನಾವು ಕಾಣುತ್ತೇವೆ. ಎರಡೂ ಅನ್ಯಾಯವೇ. ಈ ರೋಗವು ಮದುವೆಗೆ ಅಡ್ಡಿಯಲ್ಲ. ದಾಂಪತ್ಯದಿಂದ ಹರಡುವುದೂ ಇಲ್ಲ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಸೋರಿಯಾಸಿಸ್ ಇದ್ದರೆ ಮಗುವಿಗೆ ಬರುವ ಸಂಭವವು ನೂರಕ್ಕೆ ಸುಮಾರು 14. ಎಂದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಇಬ್ಬರಿಗೂ ಇದ್ದರೆ ಸಂಭವವು ಸುಮಾರು 40 ಕ್ಕೆ ಏರುತ್ತದೆ.

ಮೆಥೊಟ್ರೆಕ್ಸೇಟ್ ಸೇವಿಸುತ್ತಿರುವ ಸ್ತ್ರೀಯರು ಗರ್ಭ ಧರಿಸಬಾರದು. ಅದು ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗಬಹುದು. ಚಿಕಿತ್ಸೆಯ ಕಾಲದಲ್ಲಿ ಕಾಪರ್-ಟಿ ಅಥವಾ ವೈದ್ಯರು ಸೂಚಿಸುವ ಬೇರೆ ನಂಬಿಕೆಯ ವಿಧಾನವನ್ನು ಅನುಸರಿಸಬೇಕು. ಮಗು ಬೇಕೆಂದು ತೀರ್ಮಾನಿಸಿದಾಗ ಮೊದಲೇ ವೈದ್ಯರಿಗೆ ತಿಳಿಸಿರಿ. ಅವರು ಔಷಧಿಯನ್ನು ಸಾಮಾನ್ಯವಾಗಿ ಮೂರು ತಿಂಗಳು ಮುಂಚಿತವಾಗಿ ನಿಲ್ಲಿಸಿ, ಗರ್ಭಕ್ಕೆ ಬಾಧಕವಲ್ಲದ ಬೇರೆ ಔಷಧಿಯನ್ನು ಕೊಡುತ್ತಾರೆ. ಮೊಲೆಯೂಡಿಸುವ ತಾಯಂದಿರೂ ಇದನ್ನು ಸೇವಿಸಬಾರದು. ಈ ಔಷಧಿಯನ್ನು ಸೇವಿಸುತ್ತಿರುವ ಗಂಡಸರೂ ಮಗುವನ್ನು ಬಯಸುವಾಗ ವೈದ್ಯರ ಸಲಹೆ ಪಡೆಯಬೇಕು. ತಿಳಿಯದೆ ಗರ್ಭ ನಿಂತಿದ್ದರೆ ಭಯದಿಂದ ಮುಚ್ಚಿಡದೆ ಔಷಧಿಯನ್ನು ನಿಲ್ಲಿಸಿ ಕೂಡಲೆ ಆಸ್ಪತ್ರೆಗೆ ಬನ್ನಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

ತೂಕವನ್ನು ಮಿತಿಯಲ್ಲಿಡಿರಿ, ತೂಕ ಇಳಿದರೆ ಕೀಲಿನ ಭಾರವೂ ಇಳಿಯುತ್ತದೆ, ಔಷಧಿಯೂ ಚೆನ್ನಾಗಿ ನಾಟುತ್ತದೆ. ಬೀಡಿ, ಸಿಗರೇಟುಗಳನ್ನು ಬಿಡಿರಿ. ಈ ರೋಗಿಗಳಲ್ಲಿ ಹೃದ್ರೋಗದ ಸಂಭವ ಹೆಚ್ಚಾಗಿರುವುದರಿಂದ ರಕ್ತದೊತ್ತಡ ಮತ್ತು ಸಕ್ಕರೆಯ ಅಂಶವನ್ನು ಪರೀಕ್ಷಿಸಿಕೊಳ್ಳಿರಿ. ಕೀಲುಗಳನ್ನು ದಿನವೂ ಹಿತವಾಗಿ ಆಡಿಸಿರಿ. ಊದಿದ ಕೀಲಿಗೆ ಮಾತ್ರ ವಿಶ್ರಾಂತಿ ಕೊಡಿರಿ. ಮಗ್ಗದ ಕೆಲಸದ ನಡುವೆ ಗಂಟೆಗೊಮ್ಮೆ ಎದ್ದು ಕೈಕಾಲುಗಳನ್ನು ಚಾಚಿರಿ.

ಸೋರಿಯಾಸಿಸ್ ಇರುವವರಲ್ಲಿ ಹೆಚ್ಚಿನವರಿಗೆ ಸಂಧಿವಾತ ಬರುವುದಿಲ್ಲವೆಂಬುದು ಸಮಾಧಾನದ ಮಾತು. ಆದರೆ ಬರುವವರು ಯಾರೆಂದು ಮೊದಲೇ ಹೇಳಲು ಸಾಧ್ಯವಿಲ್ಲದಿರುವುದರಿಂದ ಎಲ್ಲರೂ ಕೀಲುಗಳ ಕಡೆಗೆ ಲಕ್ಷ್ಯವಿಡಬೇಕು. ಮುಂದಿನ ಸಲ ಚರ್ಮದ ಮುಲಾಮಿಗಾಗಿ ವೈದ್ಯರ ಬಳಿಗೆ ಹೋದಾಗ ಕೈ ಬೆರಳುಗಳನ್ನೂ ಉಗುರುಗಳನ್ನೂ ತೋರಿಸಿರಿ. ಹಿಮ್ಮಡಿಯ ನೋವನ್ನು ಹೇಳಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಂಡರೆ, ಅಗತ್ಯವಿದ್ದಲ್ಲಿ ಅಲ್ಲಿಂದ ಜಮಖಂಡಿಯ ತಾಲ್ಲೂಕು ಆಸ್ಪತ್ರೆಗೋ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ಕಳುಹಿಸಿಕೊಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ದಾರಿಯನ್ನು ತಿಳಿಸುತ್ತಾರೆ.